ಹೊಟ್ಟೆ ಮುಟ್ಟದೆ ಬರೆದ ಕಾರ್ಡು

ನಮ್ಮ ಬೀದಿಯ ಇಸ್ತ್ರಿ ಅಂಗಡಿ ಹನ್ನೊಂದು ದಿನ ಮುಚ್ಚಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯಿತು. ಇಸ್ತ್ರಿಯವನು ಒಬ್ಬನೇ ಮೇಜಿನ ಮುಂದೆ ನಿಂತಿದ್ದ. ಅವನ ಹೆಂಡತಿ ಹಿಂದಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಮಗು ಇರಲಿಲ್ಲ.

ನಾನು ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತಳಾದ ನರ್ಸ್. ಬೀದಿಯವರು ನನ್ನನ್ನು ವಾರ್ಡಮ್ಮ ಎನ್ನುತ್ತಾರೆ. ಬೆನ್ನ ಹಿಂದೆ ಇನ್ನೂ ಏನೇನೋ ಎನ್ನುತ್ತಾರಂತೆ. ನನ್ನ ಬಾಯಿ ಜೋರು, ಅದನ್ನು ನಾನೇ ಒಪ್ಪುತ್ತೇನೆ. ಅವಳಿಗೆ ಹೆರಿಗೆಯಾದ ದಿನ ನಾನು ಊರಿನಲ್ಲಿರಲಿಲ್ಲ, ಮಗಳ ಮನೆಗೆ ಹೋಗಿದ್ದೆ. ವಾಪಸ್ ಬಂದಾಗ ಎಲ್ಲ ಮುಗಿದಿತ್ತು.

ನಡೆದದ್ದು ಇಷ್ಟು. ಮಧ್ಯಾಹ್ನ ಅಂಗಿಯೊಂದರ ಕಾಲರ್ ಒತ್ತುತ್ತಿದ್ದಾಗ ಇಸ್ತ್ರಿಯವಳಿಗೆ ನೀರು ಒಡೆಯಿತು. ಹೊರಗೆ ಬಂದದ್ದು ಮಗುವಿನ ತಲೆಯಲ್ಲ, ಒಂದು ಪಾದ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಆಪರೇಷನ್‌ಗೆ ವ್ಯವಸ್ಥೆಯಿಲ್ಲ. ದೊಡ್ಡಾಸ್ಪತ್ರೆಗೆ ಒಂದು ಗಂಟೆಯ ದಾರಿ. ಅರ್ಧ ದಾರಿಯಲ್ಲಿ ಮಗುವಿನ ಮೈ ಹೊರಗೆ ಬಂತು, ತಲೆ ಸಿಕ್ಕಿಕೊಂಡಿತು. ಗಾಡಿಯಲ್ಲಿ ಇದ್ದದ್ದು ಅವಳ ಗಂಡ ಮತ್ತು ಡ್ರೈವರ್ ಮಾತ್ರ. ಆಸ್ಪತ್ರೆ ತಲುಪುವ ಹೊತ್ತಿಗೆ ಉಸಿರಿರಲಿಲ್ಲ. ತುಂಬು ತೂಕದ ಗಂಡುಮಗು.

ನಾನು ಅವಳ ಪಕ್ಕದಲ್ಲಿ ಕೂತೆ. ದಿಂಬಿನ ಕೆಳಗಿಂದ ಅವಳು ತಾಯಿ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟಳು.

"ಇದರಲ್ಲಿ ಏನಿದೆ ಓದಿ ವಾರ್ಡಮ್ಮ. ನಾನು ದಿನಾ ಓದ್ತಾ ಇದ್ದೀನಿ."

ಕಾರ್ಡಿನಲ್ಲಿ ತೂಕ ಇತ್ತು, ಬಿಪಿ ಇತ್ತು. 'ಮಗುವಿನ ಸ್ಥಾನ' ಎಂಬ ಕಡೆ, ಕೊನೆಯ ಮೂರು ಭೇಟಿಗಳಲ್ಲೂ, ಒಂದೇ ಕೈಯ ಅಕ್ಷರದಲ್ಲಿ ಬರೆದಿತ್ತು: ತಲೆ ಕೆಳಗೆ. ತಲೆ ಕೆಳಗೆ. ತಲೆ ಕೆಳಗೆ.

"ಕೊನೆ ಸಲ ಯಾವಾಗ ಹೋಗಿದ್ದೆ?"

"ಹೆರಿಗೆಗೆ ನಾಲ್ಕು ದಿನ ಮೊದಲು."

"ಹೊಟ್ಟೆ ಮುಟ್ಟಿ ನೋಡಿದ್ರಾ?"

ಅವಳು ನನ್ನ ಮುಖ ನೋಡಿದಳು. "ಮುಟ್ಟಿ ನೋಡಬೇಕಾ?" ಎಂದಳು.

ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಒಂಬತ್ತು ತಿಂಗಳು ಹೊತ್ತವಳಿಗೆ, ತನ್ನ ಹೊಟ್ಟೆಯನ್ನು ಮುಟ್ಟಿ ನೋಡುವ ಒಂದು ಪರೀಕ್ಷೆ ಇದೆ ಎಂಬುದೇ ಗೊತ್ತಿರಲಿಲ್ಲ. ಐದು ನಿಮಿಷದ ಪರೀಕ್ಷೆ. ಸೂಜಿ ಬೇಡ, ಕರೆಂಟು ಬೇಡ, ಯಂತ್ರ ಬೇಡ. ಕಲಿತ ಎರಡು ಕೈ ಸಾಕು. ಆ ಎರಡು ಕೈ ಆ ಕೇಂದ್ರದಲ್ಲಿ ಇದ್ದವು, ಪೆನ್ನು ಹಿಡಿದುಕೊಂಡು.

ಅಲ್ಲಿಂದ ಎದ್ದವಳು ಸೀದಾ ನಾಲ್ಕು ಮನೆ ಆಚೆ ಹೋದೆ. ಅದು ಹಾಸಿಗೆ ಹೊಲಿಯುವವರ ಮನೆ. ಆ ಮನೆಯ ಸೊಸೆಗೂ ದಿನ ತುಂಬುತ್ತಾ ಬಂದಿತ್ತು. ಅವಳೂ ಅದೇ ಕೇಂದ್ರಕ್ಕೆ ಹೋಗುತ್ತಿದ್ದಳು.

ಮುಂದಿನ ಕೋಣೆಯ ತುಂಬ ಹತ್ತಿ. ಗಾಳಿಯಲ್ಲೂ ಹತ್ತಿಯ ಎಳೆ. ಹಾಸಿಗೆಯಕ್ಕ ನೆಲದ ಮೇಲೆ ಕೂತು ಹೊಸ ಹಾಸಿಗೆಯೊಂದಕ್ಕೆ ಉದ್ದ ಸೂಜಿಯಿಂದ ಹೊಲಿಗೆ ಹಾಕುತ್ತಿದ್ದಳು. ಸೊಸೆ ಗೋಡೆಗೆ ಒರಗಿ ಕಾಲು ಚಾಚಿ ದಿಂಬಿನ ಗವಸು ಹೊಲಿಯುತ್ತಿದ್ದಳು. ಅವಳ ಗಂಡ ಮೂಲೆಯಲ್ಲಿ ಹಗ್ಗ ಸುತ್ತುತ್ತಿದ್ದ.

"ನಿನ್ನ ಕಾರ್ಡು ತೋರಿಸು ಮಗಳೇ," ಎಂದೆ.

ಅವಳು ತಂದು ಕೊಟ್ಟಳು. ಅದೇ ಅಕ್ಷರ. ತಲೆ ಕೆಳಗೆ, ಮೂರು ಸಲ. ಅದರಲ್ಲಿ ಮೊದಲನೆಯದು ಆರನೇ ತಿಂಗಳಿನದು. ಆರನೇ ತಿಂಗಳಲ್ಲಿ ಮಗು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಈಜಾಡುತ್ತಿರುತ್ತದೆ. ಆಗ ಬರೆದದ್ದಕ್ಕೆ ಅರ್ಥವೇ ಇಲ್ಲ. ಮೂವತ್ತಾರನೇ ವಾರದ ಹೊತ್ತಿಗೆ ಜಾಗ ಕಡಿಮೆಯಾಗಿ ಹೆಚ್ಚಿನ ಮಕ್ಕಳು ತಲೆ ಕೆಳಗೆ ಮಾಡಿ ನೆಲೆ ನಿಲ್ಲುತ್ತವೆ. ನೋಡಲೇಬೇಕಾದ ಹೊತ್ತು ಅದು. ಈ ಹುಡುಗಿಗೆ ಆ ವಾರವೇ ಮೂವತ್ತಾರು ತುಂಬಿತ್ತು.

"ಯಾರಾದ್ರೂ ನಿನ್ನನ್ನ ಮಂಚದ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿದ್ರಾ?"

"ಇಲ್ಲ. ತೂಕ ನೋಡಿದ್ರು. ತೋಳಿಗೆ ಪಟ್ಟಿ ಕಟ್ಟಿದ್ರು. ಮಾತ್ರೆ ಕೊಟ್ರು. ಮುಂದಿನವರು ಬನ್ನಿ ಅಂದ್ರು."

"ಮಗು ಎಲ್ಲಿ ಒದೆಯುತ್ತೆ?"

"ಕೆಳಗೆ. ಒದ್ರೆ ಸಾಕು, ಬಚ್ಚಲಿಗೆ ಓಡಬೇಕು. ಮೇಲೆ ಪಕ್ಕೆಲುಬಿನ ಹತ್ರ ಏನೋ ಗಟ್ಟಿಯಾಗಿ ಒತ್ತುತ್ತೆ. ಬಗ್ಗಿದ್ರೆ ಉಸಿರು ಕಟ್ಟುತ್ತೆ."

"ಇದನ್ನ ಅಲ್ಲಿ ಹೇಳಿದ್ಯಾ?"

"ಅವರು ಕೇಳಲಿಲ್ಲ."

ನನಗೆ ಅಷ್ಟರಲ್ಲೇ ಅರ್ಧ ಗೊತ್ತಾಗಿತ್ತು. "ನಾನೊಮ್ಮೆ ನೋಡಲಾ?" ಎಂದೆ.

ಹಾಸಿಗೆಯಕ್ಕ ಸೂಜಿ ನಿಲ್ಲಿಸಿದಳು. "ಬೇಡ ವಾರ್ಡಮ್ಮ. ತುಂಬಿದ ಹೊಟ್ಟೆ. ಒತ್ತಿದ್ರೆ ಮಗುಗೆ ಏನಾದ್ರೂ ಆದ್ರೆ? ಐದನೇ ತಿಂಗಳಲ್ಲಿ ಸ್ಕ್ಯಾನ್ ಮಾಡಿಸಿದ್ದೀವಿ. ಎಲ್ಲಾ ಸರಿ ಇದೆ ಅಂದ್ರು. ಕಂಪ್ಯೂಟರ್‌ಗೆ ಗೊತ್ತಾಗದೆ ಇರೋದು ನಿಮ್ಮ ಕೈಗೆ ಗೊತ್ತಾಗುತ್ತಾ?"

"ಐದನೇ ತಿಂಗಳಲ್ಲಿ ಮಗು ಎಲ್ಲಿತ್ತೋ ಅಲ್ಲೇ ಇವತ್ತೂ ಇರುತ್ತಾ? ಹೋದ ವರ್ಷದ ಫೋಟೋ ನೋಡಿ ಇವತ್ತು ನೀನು ಮನೇಲಿದ್ದೀಯ ಅಂತ ಹೇಳೋಕಾಗುತ್ತಾ?"

"ಕಾರ್ಡಲ್ಲಿ ಬರೆದಿದ್ದಾರಲ್ಲ," ಎಂದ ಮೂಲೆಯಲ್ಲಿದ್ದ ಮಗ. "ಓದಿದವರು ಸುಮ್ಮನೆ ಬರೀತಾರಾ?"

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗಾಯ್ತು ನಿನ್ನ ಮಾತು. ಇಸ್ತ್ರಿಯವಳ ಕಾರ್ಡಲ್ಲೂ ಇದೇ ಬರೆದಿದ್ರು. ಅವರೂ ನಂಬಿದ್ರು."

ಅವನು ಮತ್ತೆ ಹಗ್ಗ ಸುತ್ತತೊಡಗಿದ. ಆದರೆ ಹಾಸಿಗೆಯಕ್ಕ ಒಪ್ಪಲಿಲ್ಲ. ಅವಳು ಮೂವತ್ತು ವರ್ಷದಿಂದ ಹಾಸಿಗೆ ಹೊಲಿಯುವವಳು. ನಾನು ಅವಳ ಮುಂದಿದ್ದ ಹಾಸಿಗೆಯನ್ನು ತೋರಿಸಿದೆ.

"ಈ ಹಾಸಿಗೆ ಒಳಗೆ ಹತ್ತಿ ಗಂಟು ಕಟ್ಟಿದ್ರೆ ನಿನಗೆ ಹೇಗೆ ಗೊತ್ತಾಗುತ್ತೆ? ಬಿಚ್ಚಿ ನೋಡ್ತೀಯಾ?"

"ಬಿಚ್ಚೋದ್ಯಾಕೆ. ಮೇಲಿಂದ ಕೈ ಆಡಿಸಿದ್ರೆ ಸಿಗುತ್ತೆ."

"ಒತ್ತಿ ಹಿಸುಕ್ತೀಯಾ?"

"ಹಿಸುಕಿದ್ರೆ ಏನೂ ಗೊತ್ತಾಗಲ್ಲ. ಅಂಗೈ ಹಗುರ ಇರಬೇಕು."

"ನನ್ನ ಕೆಲಸಾನೂ ಅಷ್ಟೇ. ನಿನಗೆ ಮೂವತ್ತು ವರ್ಷ, ನನಗೆ ಮೂವತ್ತೊಂದು."

ಅವಳು ಸೊಸೆಯ ಮುಖ ನೋಡಿದಳು. ಸೊಸೆ ಅಷ್ಟರಲ್ಲಿ ಗವಸು ಪಕ್ಕಕ್ಕಿಟ್ಟು ಎದ್ದು ನಿಂತಿದ್ದಳು. "ಹೊಟ್ಟೆ ನಂದು, ಅತ್ತೆ. ನನಗೆ ನೋಡಿಸ್ಕೋಬೇಕು," ಎಂದಳು.

ಮಗನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆವು. ಹುಡುಗಿಗೆ ಮೊದಲು ಬಚ್ಚಲಿಗೆ ಹೋಗಿ ಬರಲು ಹೇಳಿದೆ. ಮೂತ್ರಕೋಶ ತುಂಬಿದ್ದರೆ ಅವಳಿಗೂ ನೋವು, ನಮ್ಮ ಕೈಗೂ ಮೋಸ. ರಕ್ತ ಏನಾದರೂ ಹೋಗಿದೆಯೇ ಎಂದು ಕೇಳಿದೆ. ಹೋಗಿದ್ದರೆ ಮುಟ್ಟದೆ ಆಸ್ಪತ್ರೆಗೆ ಕಳಿಸಬೇಕು. ಇಲ್ಲ ಎಂದಳು. ತಲೆಗೆ ದಿಂಬು ಕೊಟ್ಟು ಮಲಗಿಸಿ ಮಂಡಿ ಮಡಿಸಲು ಹೇಳಿದೆ. ನನ್ನ ಕೈ ತಣ್ಣಗಿದ್ದವು. ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೆ.

"ನೋವಾದ್ರೆ ಹೇಳು, ನಿಲ್ಲಿಸ್ತೀನಿ."

ಮೊದಲು ಹೊಟ್ಟೆಯ ಮೇಲ್ಭಾಗಕ್ಕೆ ಎರಡೂ ಕೈ ಇಟ್ಟೆ. ಅಲ್ಲಿ ಮಗುವಿನ ಕುಂಡೆ ಇರಬೇಕು. ಕುಂಡೆಯಾದರೆ ಅಗಲವಾಗಿ, ಮೆತ್ತಗೆ, ಮುಟ್ಟಿದರೆ ಇಡೀ ಮೈಯೊಂದಿಗೆ ಸರಿಯುತ್ತದೆ. ನನ್ನ ಕೈಗೆ ಸಿಕ್ಕಿದ್ದು ದುಂಡಗೆ, ಗಟ್ಟಿಯಾಗಿತ್ತು. ಎರಡು ಕೈಗಳ ನಡುವೆ ಅದೊಂದೇ ಅತ್ತಿತ್ತ ಆಡಿತು, ಮೈ ಆಡಲಿಲ್ಲ. ತಲೆ ಮಾತ್ರ ಹಾಗೆ ಆಡುವುದು. ಆಮೇಲೆ ಎರಡು ಪಕ್ಕ. ಎಡಕ್ಕೆ ಉದ್ದಕ್ಕೆ ನಯವಾದ ಬೆನ್ನು. ಬಲಕ್ಕೆ ಸಣ್ಣ ಸಣ್ಣ ಗಂಟುಗಳಂತೆ ಕೈಕಾಲು. ಆಮೇಲೆ ಕೆಳಹೊಟ್ಟೆ. ಅಲ್ಲಿ ಗಟ್ಟಿ ತಲೆ ಇರಲಿಲ್ಲ, ಮೆತ್ತಗಿನ ಅಗಲ ಇತ್ತು. ಅದಿನ್ನೂ ಕೆಳಗೆ ಇಳಿದು ಕೂತಿರಲಿಲ್ಲ.

ನನ್ನ ಕೈಚೀಲದಲ್ಲಿ ಯಾವಾಗಲೂ ಇರುವ, ಎದೆಬಡಿತ ಕೇಳುವ ಮರದ ಕೊಳವೆಯನ್ನು ಹೊಟ್ಟೆಗಿಟ್ಟು ಕಿವಿಗೊಟ್ಟೆ. ತಲೆ ಕೆಳಗಿದ್ದರೆ ಎದೆಬಡಿತ ಸಾಮಾನ್ಯವಾಗಿ ಹೊಕ್ಕುಳಿನ ಕೆಳಗೆ ಚೆನ್ನಾಗಿ ಕೇಳುತ್ತದೆ. ಇಲ್ಲಿ ಹೊಕ್ಕುಳಿನ ಮೇಲೆ ಕೇಳಿಸಿತು. ಬಡಿತ ಚೆನ್ನಾಗಿತ್ತು, ಓಡುವ ಕುದುರೆಯ ಹಾಗೆ. ಹುಡುಗಿಯ ಕೈ ಹಿಡಿದು ಮೇಲೆ ಪಕ್ಕೆಯ ಕೆಳಗೆ ಇರಿಸಿದೆ. "ಇದು ನಿನ್ನ ಮಗುವಿನ ತಲೆ," ಎಂದೆ.

ಅವಳು ಅದನ್ನು ಸವರಿದಳು. ಕಣ್ಣಲ್ಲಿ ನೀರು ಬಂತು, ಆದರೆ ಮುಖ ಗಟ್ಟಿಯಾಗಿತ್ತು. "ಮೂರು ಸಲ," ಎಂದಳು. "ಮೂರು ಸಲ ಹೋಗಿದ್ದೆ."

"ಕೈಗೂ ತಪ್ಪಾಗಬಹುದು," ಎಂದೆ. "ನೀರು ಜಾಸ್ತಿ ಇದ್ರೆ, ಮೈ ದಪ್ಪ ಇದ್ರೆ, ಎಷ್ಟು ಕಲಿತವರಿಗೂ ಅನುಮಾನ ಬರುತ್ತೆ. ಅದಕ್ಕೇ ಈಗ ಸ್ಕ್ಯಾನ್ ಬೇಕು. ನಾಳೆ ಹೋಗೋಣ. ಹೆದರಬೇಡ, ಇನ್ನೂ ಹೊತ್ತಿದೆ. ಗೊತ್ತಾಗಿದ್ದೇ ಒಳ್ಳೇದಾಯ್ತು."

ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋಗಲು ಬಂದರೆ, ಮನೆಯ ಒಳಗಿಂದ ಕಾಯಿಸಿದ ಎಣ್ಣೆಯ ವಾಸನೆ. ಹುಡುಗಿ ಚಾಪೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ನೀವುವವಳು ಕೂತಿದ್ದಳು, ತೋಳಿನ ಬಟ್ಟೆ ಮೇಲೇರಿಸಿ, ಅಂಗೈಗೆ ಎಣ್ಣೆ ಹಚ್ಚಿಕೊಂಡು. ಬಾಣಂತಿಯರ ಬೆನ್ನು, ಕೂಸುಗಳ ಕಾಲು ನೀವುವ ಹೆಂಗಸು. ಒಳ್ಳೆಯವಳೇ. ಆದರೆ ಅವತ್ತು ಅವಳು ಬಂದದ್ದು ಒಳಗಿನ ಮಗುವನ್ನು ತಿರುಗಿಸಲು.

"ಕೈ ತೆಗಿ," ಎಂದೆ.

"ನಾನು ನಾಲ್ಕು ಜನಕ್ಕೆ ತಿರುಗಿಸಿದ್ದೀನಿ ವಾರ್ಡಮ್ಮ."

"ತಾನಾಗೇ ತಿರುಗಿದ್ದನ್ನ ನೀನು ತಿರುಗಿಸಿದೆ ಅಂದ್ಕೊಂಡಿದ್ದೀಯ. ಐದನೆಯವಳಿಗೆ ಒಳಗೆ ಮಗುವಿಗೆ ಜೀವ ಕೊಡೋ ಮಾಸು ಕಿತ್ತು ಬಂದ್ರೆ ಏನ್ ಮಾಡ್ತೀಯ? ಹೊಕ್ಕುಳಬಳ್ಳಿ ಸುತ್ತಿಕೊಂಡು ಮಗು ಒಳಗೇ ಸುಸ್ತಾದ್ರೆ ನಿನಗೆ ಹೇಗೆ ಗೊತ್ತಾಗುತ್ತೆ? ಈ ಎಣ್ಣೆ ಬಟ್ಟಲು ಹೇಳುತ್ತಾ?"

ಹಾಸಿಗೆಯಕ್ಕ ನನ್ನ ಮೇಲೆ ತಿರುಗಿಬಿದ್ದಳು. "ನಿನ್ನೆ ನೀವೇ ಮುಟ್ಟಿದ್ರಿ. ಇವತ್ತು ಇವಳು ಮುಟ್ಟಿದ್ರೆ ತಪ್ಪಾ? ನಿಮ್ಮ ಕೈ ಏನು ಚಿನ್ನದ್ದಾ?"

"ನಾನು ನೋಡೋಕೆ ಮುಟ್ಟಿದ್ದು, ತಳ್ಳೋಕಲ್ಲ. ನೋಡೋದು ಬೇರೆ, ತಿರುಗಿಸೋದು ಬೇರೆ. ತಿರುಗಿಸೋ ಕೆಲಸ ನಾನೂ ಮಾಡಲ್ಲ. ಅದು ದೊಡ್ಡಾಸ್ಪತ್ರೆ ಡಾಕ್ಟರ ಕೆಲಸ. ಮಗುವಿನ ಎದೆಬಡಿತ ನೋಡ್ತಾ, ಪಕ್ಕದಲ್ಲಿ ಆಪರೇಷನ್ ಕೋಣೆ ತಯಾರಿಟ್ಕೊಂಡು, ಬಲವಂತ ಮಾಡದೆ ಮಾಡ್ತಾರೆ. ಚಾಪೆ ಮೇಲೆ ಅಲ್ಲ."

"ನನಗೆ ಹೆದರಿಕೆ ಆಯ್ತು," ಎಂದಳು ಹಾಸಿಗೆಯಕ್ಕ. ಧ್ವನಿ ಸಣ್ಣದಾಗಿತ್ತು. "ಇಸ್ತ್ರಿಯವಳ ಮಗು ಥರ ಆಗಿಬಿಟ್ರೆ ಅಂತ. ರಾತ್ರಿ ಪೂರ್ತಿ ನಿದ್ದೆ ಬರಲಿಲ್ಲ."

ನನ್ನ ಸಿಟ್ಟು ಅವಳ ಮೇಲೆ ನಿಲ್ಲಲಿಲ್ಲ. ಅವಳು ಹೆದರಿದ್ದಳು, ಹೆದರಿದವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಸಿಟ್ಟು ಹೋಗಿ ನಿಲ್ಲಬೇಕಾದ ಜಾಗ ಬೇರೆ ಇತ್ತು. ನೀವುವವಳು ಕೈ ಒರೆಸಿಕೊಂಡು ಎದ್ದಳು. ಹೋಗುವಾಗ, "ಯಾರೂ ನಮಗೆ ಇದನ್ನೆಲ್ಲ ಹೇಳಲಿಲ್ಲ," ಎಂದಳು. ಅದೂ ನಿಜ.

ಸ್ಕ್ಯಾನಿಗೆ ಚೀಟಿ ಬರೆಸಲು ಆರೋಗ್ಯ ಕೇಂದ್ರಕ್ಕೆ ಹೊರಟಾಗ ನಾವು ಮೂವರು: ಹುಡುಗಿ, ಹಾಸಿಗೆಯಕ್ಕ, ನಾನು. ಇಸ್ತ್ರಿ ಅಂಗಡಿ ದಾಟುವಾಗ ನಾಲ್ವರಾದೆವು. ಇಸ್ತ್ರಿಯವಳು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು. ಅವಳ ಗಂಡ, "ಇನ್ನೂ ಮೈ ಹಸಿ ಇದೆ, ಹೋಗಬೇಡ," ಎಂದ. ಅವಳು ತಿರುಗಿಯೂ ನೋಡಲಿಲ್ಲ. ಕೈಯಲ್ಲಿ ಆ ಕಾರ್ಡು ಇತ್ತು.

ಕೇಂದ್ರದಲ್ಲಿ ಅವತ್ತು ಗರ್ಭಿಣಿಯರ ದಿನ. ಬೆಂಚುಗಳು ತುಂಬಿ, ಮೆಟ್ಟಿಲ ಮೇಲೂ ಹೆಂಗಸರು ಕೂತಿದ್ದರು. ಒಂದು ಮೇಜು, ತೂಕದ ಯಂತ್ರ, ಬಿಪಿ ಯಂತ್ರ, ಒಬ್ಬಳೇ ನರ್ಸ್. ಇಪ್ಪತ್ತಾರು ವಯಸ್ಸಿರಬಹುದು. ತಲೆ ಎತ್ತದೆ ಕೆಲಸ ಮಾಡುತ್ತಿದ್ದಳು. ಬೆನ್ನ ಹಿಂದೆ ಒಂದು ಬಾಗಿಲು, ಅದರ ಮೇಲೆ 'ಪರೀಕ್ಷಾ ಕೊಠಡಿ' ಎಂಬ ಫಲಕ. ನಾನು ಆ ಬಾಗಿಲು ತಳ್ಳಿದೆ. ಒಳಗೆ ಮಂಚ ಇತ್ತು. ಮಂಚದ ಮೇಲೆ ಮಾತ್ರೆಯ ಡಬ್ಬಗಳು, ಹಳೆಯ ರಿಜಿಸ್ಟರುಗಳು, ರೆಕ್ಕೆ ಮುರಿದ ಫ್ಯಾನು. ಮೇಲೆ ಬೆರಳು ದಪ್ಪದ ಧೂಳು. ಎಷ್ಟು ತಿಂಗಳಿಂದ ಅಲ್ಲಿ ಯಾವ ಹೆಂಗಸೂ ಮಲಗಿಲ್ಲ ಎಂದು ಆ ಧೂಳು ಹೇಳುತ್ತಿತ್ತು.

ಹುಡುಗಿ ತನ್ನ ಕಾರ್ಡನ್ನು ನರ್ಸಿನ ಮುಂದೆ ಇಟ್ಟಳು. "ಇದನ್ನ ಬರೆದಿದ್ದು ನೀವಾ?"

"ಹೌದು. ಏನೀಗ?"

"ನನ್ನ ಹೊಟ್ಟೆ ಯಾವಾಗ ಮುಟ್ಟಿದ್ರಿ?"

ನರ್ಸ್ ಪೆನ್ನು ಕೆಳಗಿಟ್ಟಳು. "ನೋಡಿ, ಸಾಲು ದೊಡ್ಡದಿದೆ. ಜಗಳ ಆಡೋಕೆ ಬಂದಿದ್ರೆ ಆಮೇಲೆ ಬನ್ನಿ."

"ಆಡೋಕೇ ಬಂದಿದ್ದೀನಿ. ನನ್ನ ಮಗುವಿನ ತಲೆ ಮೇಲಿದೆ. ನೀವು ಮೂರು ಸಲ ಕೆಳಗೆ ಅಂತ ಬರೆದಿದ್ದೀರಿ. ಅದು ಹೇಗೆ ಗೊತ್ತಾಯ್ತು ನಿಮಗೆ? ಕನಸು ಬಿತ್ತಾ?"

ಸಾಲಿನಲ್ಲಿದ್ದ ಇಬ್ಬರು ನಕ್ಕರು. ಉಳಿದವರು ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಕಾರ್ಡು ಬಿಚ್ಚಿ ನೋಡತೊಡಗಿದ್ದರು.

"ದಿನಕ್ಕೆ ಅರವತ್ತು ಜನ," ಎಂದಳು ನರ್ಸ್. ಅವಳ ಕುತ್ತಿಗೆ ಕೆಂಪಾಗಿತ್ತು. "ನಾನೊಬ್ಬಳೇ. ಮಂಚದ ಮೇಲೆ ಸಾಮಾನು ತುಂಬಿದ್ದಾರೆ, ಪರದೆ ಇಲ್ಲ. ಎರಡು ಸಲ ಬರೆದು ಕೊಟ್ಟೆ, ಯಾರೂ ಕೇಳಲಿಲ್ಲ. ಕಾಲಂ ಖಾಲಿ ಬಿಟ್ರೆ ಮೇಲಿನವರು ಬೈತಾರೆ. ನೂರರಲ್ಲಿ ತೊಂಬತ್ತೈದು ತಲೆ ಕೆಳಗೇ ಇರುತ್ತೆ. ನಿಮಗೇನು ಗೊತ್ತು ಇಲ್ಲಿ ಕೂತವರ ಕಷ್ಟ?"

"ನನಗೆ ಗೊತ್ತು," ಎಂದೆ.

ಇದನ್ನು ಹೇಳಲು ನನಗೆ ಇಷ್ಟವಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಆದರೆ ಅವಳು ಕಾರ್ಡಿನಲ್ಲಿ ಬರೆದ ಸುಳ್ಳಿನ ಮುಂದೆ ನನ್ನ ಸುಳ್ಳನ್ನು ಬಚ್ಚಿಟ್ಟುಕೊಂಡು ನಿಲ್ಲಲು ಆಗಲಿಲ್ಲ.

"ನಾನೂ ಬರೆದಿದ್ದೀನಿ ಮಗಳೇ. ಒಂದು ದಿನ ತುಂಬಾ ಜನ ಇದ್ರು, ನನ್ನ ಕಾಲು ಊದಿತ್ತು. ಇಪ್ಪತ್ತು ಕಾರ್ಡಿಗೆ ಮುಟ್ಟದೆ ಬರೆದೆ. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನೋದೇ ಕೆಟ್ಟದ್ದು. ಮಾರನೇ ದಿನ ಇನ್ನೂ ಸುಲಭವಾಗಿ ಬರೆದೆ. ಮೂರನೇ ವಾರ ಒಬ್ಬಳು ನೋವು ಅಂತ ಬಂದಳು, ಮಗು ಅಡ್ಡ ಮಲಗಿತ್ತು. ಕಾರ್ಡಲ್ಲಿ ನನ್ನ ಅಕ್ಷರ. ಡಾಕ್ಟರು ಇಬ್ಬರನ್ನೂ ಉಳಿಸಿದ್ರು. ಅವಳಿಗೆ ಗೊತ್ತೇ ಆಗಲಿಲ್ಲ ನಾನೇ ಬರೆದಿದ್ದು ಅಂತ. ನನಗೆ ಗೊತ್ತಿತ್ತು. ನೂರರಲ್ಲಿ ತೊಂಬತ್ತೈದು ಅಂತೀಯಲ್ಲ, ಆ ಉಳಿದ ಐವರಿಗೋಸ್ಕರಾನೇ ನಿನ್ನನ್ನ ಇಲ್ಲಿ ಕೂರಿಸಿರೋದು."

ಆಗ ಇಸ್ತ್ರಿಯವಳು ಮುಂದೆ ಬಂದಳು. ತನ್ನ ಕಾರ್ಡನ್ನು ಆ ಕಾರ್ಡಿನ ಪಕ್ಕ ಇಟ್ಟಳು.

"ಇದೂ ನೀವೇ ಬರೆದಿದ್ದು," ಎಂದಳು. "ಮಗು ಹೋಯ್ತು."

ನರ್ಸ್ ಕಾರ್ಡಿನ ಮೇಲೆ ಬೆರಳಿಟ್ಟು ತನ್ನ ಅಕ್ಷರವನ್ನೇ ನೋಡುತ್ತಾ ಕೂತಳು.

ಹಾಸಿಗೆಯಕ್ಕ ಯಾರ ಅಪ್ಪಣೆಗೂ ಕಾಯಲಿಲ್ಲ. ಒಳಗೆ ಹೋಗಿ ಮಂಚದ ಮೇಲಿನ ಡಬ್ಬಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕಿಟ್ಟಳು. ರಿಜಿಸ್ಟರುಗಳನ್ನು ಎತ್ತುವಾಗ ಮೆಟ್ಟಿಲ ಮೇಲಿದ್ದ ಇಬ್ಬರು ಬಂದು ಕೈಜೋಡಿಸಿದರು. ಮುರಿದ ಫ್ಯಾನನ್ನು ಅವಳು ಹೊರಗೆ ತಂದು ಡಾಕ್ಟರ ಕೋಣೆಯ ಬಾಗಿಲಿಗೆ ಅಡ್ಡವಾಗಿ ಇಟ್ಟಳು. ಸದ್ದಿಗೆ ಡಾಕ್ಟರಮ್ಮ ಹೊರಗೆ ಬಂದರು.

"ಏನಿದು ಗಲಾಟೆ? ಯಾರು ನೀವೆಲ್ಲ?"

"ನಿಮ್ಮ ಮಂಚ ಖಾಲಿ ಮಾಡ್ತಾ ಇದ್ದೀವಿ," ಎಂದಳು ಹಾಸಿಗೆಯಕ್ಕ. "ಇದು ಹೆಂಗಸರು ಮಲಗೋಕೆ ಅಂತೆ. ನಮಗೆ ನಿನ್ನೆ ಗೊತ್ತಾಯ್ತು. ನಿಮಗೆ ಯಾವತ್ತಿಂದ ಗೊತ್ತು?"

ಡಾಕ್ಟರಮ್ಮ ಮೊದಲು ಗದರಿದರು. ಪೊಲೀಸರ ಮಾತೂ ಬಂತು. ಆಮೇಲೆ ಮೇಜಿನ ಮೇಲಿದ್ದ ಎರಡು ಕಾರ್ಡು ನೋಡಿದರು. ಇಸ್ತ್ರಿಯವಳ ಮುಖ ನೋಡಿದರು. ಕಿಟಕಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಬಾಗಿಲಿಗೆ ಪರದೆಯಾಗಿ ಕಟ್ಟಲು ಹೇಳಿ, ತಾವೇ ಕೈ ತೊಳೆದುಕೊಂಡರು.

ಅವತ್ತು ಸಾಲಿನಲ್ಲಿ ಮೂವತ್ತಾರು ವಾರ ದಾಟಿದವರು ಹದಿನಾಲ್ಕು ಜನ. ಹದಿನಾಲ್ಕು ಕಾರ್ಡೂ 'ತಲೆ ಕೆಳಗೆ' ಎನ್ನುತ್ತಿದ್ದವು. ಡಾಕ್ಟರಮ್ಮ ಮತ್ತು ಆ ನರ್ಸ್ ಒಬ್ಬೊಬ್ಬರನ್ನೇ ಮಲಗಿಸಿ ಮುಟ್ಟಿ ನೋಡಿದರು. ಹನ್ನೆರಡು ಕಾರ್ಡು ನಿಜ. ಎರಡು ಸುಳ್ಳು. ಒಂದು ನಮ್ಮ ಹುಡುಗಿಯದು. ಇನ್ನೊಂದು ತರಕಾರಿ ಮಾರುವವಳದು. "ಇದು ನನಗೆ ನಾಲ್ಕನೇದು, ದಾರಿ ಅದಕ್ಕೇ ಗೊತ್ತು," ಎಂದು ನಗುತ್ತಾ ಮಂಚ ಹತ್ತಿದ್ದಳು. ಅವಳ ಮಗು ಅಡ್ಡಕ್ಕೆ ಮಲಗಿತ್ತು. ಒಂದು ಪಕ್ಕಕ್ಕೆ ತಲೆ, ಇನ್ನೊಂದು ಪಕ್ಕಕ್ಕೆ ಕುಂಡೆ, ಕೆಳಗೆ ಏನೂ ಇಲ್ಲ. ಹಾಗಿರುವಾಗ ಮನೆಯಲ್ಲಿ ನೀರು ಒಡೆದರೆ ಮೊದಲು ಹೊಕ್ಕುಳಬಳ್ಳಿ ಜಾರಿ ಬರಬಹುದು, ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಅವಳನ್ನು ಆವತ್ತೇ ದೊಡ್ಡಾಸ್ಪತ್ರೆಗೆ ಕಳಿಸಿದರು. ತರಕಾರಿ ಬುಟ್ಟಿ ಕೇಂದ್ರದ ಮೆಟ್ಟಿಲ ಮೇಲೇ ಉಳಿಯಿತು, ಸಂಜೆ ಅವಳ ತಂಗಿ ಬಂದು ಎತ್ತಿಕೊಂಡು ಹೋದಳು.

ಹೊರಡುವಾಗ ಆ ನರ್ಸ್ ಇಸ್ತ್ರಿಯವಳ ಹಿಂದೆ ಗೇಟಿನವರೆಗೆ ಬಂದಳು. "ಅಕ್ಕ," ಎಂದಳು. ಇಸ್ತ್ರಿಯವಳು ನಿಲ್ಲಲಿಲ್ಲ. ನಿಲ್ಲಬೇಕಿತ್ತು ಎಂದು ನಾನು ಹೇಳಲಾರೆ.

ನಮ್ಮ ಹುಡುಗಿಗೆ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಕೈ ಹೇಳಿದ್ದನ್ನೇ ಅದೂ ಹೇಳಿತು. ಮೂವತ್ತೇಳನೇ ವಾರ ಅಲ್ಲಿನ ಡಾಕ್ಟರು ಹೊರಗಿನಿಂದಲೇ ಮಗುವನ್ನು ತಿರುಗಿಸಲು ನೋಡಿದರು. ಗರ್ಭಕೋಶ ಸಡಿಲವಾಗಲು ಇಂಜೆಕ್ಷನ್ ಕೊಟ್ಟು, ಎದೆಬಡಿತದ ಯಂತ್ರ ಹಚ್ಚಿ, ಎರಡು ಸಲ ಪ್ರಯತ್ನಿಸಿದರು. ಕೆಲವು ಮಕ್ಕಳು ತಿರುಗುತ್ತವೆ. ಇದು ತಿರುಗಲಿಲ್ಲ. ಮೂರನೇ ಸಲ ಅವರು ಒತ್ತಾಯ ಮಾಡಲಿಲ್ಲ.

"ಹಾಗಾದ್ರೆ ಇಷ್ಟೆಲ್ಲ ಮಾಡಿ ಏನು ಬಂತು?" ಎಂದ ಅವಳ ಗಂಡ, ಆಸ್ಪತ್ರೆಯ ಅಂಗಳದಲ್ಲಿ.

"ಮಗು ಹೇಗಿದೆ ಅಂತ ನಮಗೆ ಗೊತ್ತು ಅನ್ನೋದು ಬಂತು," ಎಂದಳು ಹುಡುಗಿ. "ಇಸ್ತ್ರಿಯವರಿಗೆ ಗೊತ್ತಿರಲಿಲ್ಲ."

ಮೂವತ್ತೊಂಬತ್ತನೇ ವಾರಕ್ಕೆ ಆಪರೇಷನ್ ದಿನ ಗೊತ್ತಾಯಿತು. ಅದಕ್ಕೂ ಮೊದಲು ನೋವು ಬಂದರೆ, ನೀರು ಒಡೆದರೆ ಒಂದು ನಿಮಿಷವೂ ಕಾಯದೆ ಬನ್ನಿ ಎಂದರು. ಅವಳ ಗಂಡ ಇಬ್ಬರು ಗಾಡಿಯವರ ನಂಬರು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟ. ಹಾಸಿಗೆಯಕ್ಕ ಬಟ್ಟೆಯ ಗಂಟು ಕಟ್ಟಿ ಹೊಸ್ತಿಲ ಪಕ್ಕ ಇಟ್ಟಳು.

ಮಗು ದಿನಾಂಕಕ್ಕೆ ಕಾಯಲಿಲ್ಲ. ಮೂರು ದಿನ ಮೊದಲೇ, ಬೆಳಿಗ್ಗೆ ಎಂಟಕ್ಕೆ ನೋವು ಶುರುವಾಯಿತು. ಎಂಟೂ ಕಾಲಿಗೆ ಗಾಡಿ ಬೀದಿ ದಾಟಿತ್ತು. ದಾರಿಯಲ್ಲೇ ನಾನು ಆಸ್ಪತ್ರೆಗೆ ಫೋನು ಮಾಡಿ, "ಮಗುವಿನ ತಲೆ ಮೇಲಿದೆ, ಮೂವತ್ತೆಂಟು ವಾರ, ನೋವು ಬಂದಿದೆ," ಎಂದೆ. ಆ ಒಂದು ವಾಕ್ಯಕ್ಕೆ ಅಲ್ಲಿ ಕೋಣೆ ತಯಾರಾಯಿತು. ಹತ್ತೂವರೆಗೆ ಹೆಣ್ಣುಮಗು. ಅತ್ತ ಕೂಗು ಹೊರಗಿನ ಕಾರಿಡಾರಿಗೂ ಕೇಳಿಸಿತು. ಹಾಸಿಗೆಯಕ್ಕ ಗಂಟು ಬಿಚ್ಚಿ ಮಗುವಿಗೆಂದು ತಂದ ಬಟ್ಟೆ ಹೊರತೆಗೆದಳು.

"ಅವತ್ತು ಎಣ್ಣೆಯವಳನ್ನ ಕರೆಸಿದ್ದೆನಲ್ಲ ನಾನು," ಎಂದಳು.

ತರಕಾರಿಯವಳಿಗೂ ಆಪರೇಷನ್ ಆಯಿತು. ತಾಯಿ ಮಗು ಚೆನ್ನಾಗಿದ್ದಾರೆ. ಕೇಂದ್ರಕ್ಕೆ ಈಗ ಇನ್ನೊಬ್ಬ ನರ್ಸ್ ಬಂದಿದ್ದಾಳೆ, ಮಂಚಕ್ಕೆ ಸರಿಯಾದ ಪರದೆ ಬಂದಿದೆ. ಮಗುವಿನ ಸಾವಿನ ಬಗ್ಗೆ ಇಸ್ತ್ರಿಯವಳು ಜಿಲ್ಲಾ ಆರೋಗ್ಯ ಕಚೇರಿಗೆ ಕೊಟ್ಟ ದೂರಿಗೆ ಮಾತ್ರ ಇನ್ನೂ ಉತ್ತರ ಬಂದಿಲ್ಲ. ನಾವು ಪ್ರತಿ ಸೋಮವಾರ ಹೋಗಿ ಕೇಳುತ್ತೇವೆ. ಬರುವವರೆಗೂ ಕೇಳುತ್ತೇವೆ.

ಈ ಕಥೆಯನ್ನು ಹೆಂಗಸರ ಸಂಘದಲ್ಲಿ ಓದಲೆಂದು ಬರೆಯುವ ಮೊದಲು ನಾನು ಇಸ್ತ್ರಿಯವಳ ಒಪ್ಪಿಗೆ ಕೇಳಿದೆ. ಅವಳು ಅಂಗಿ ಮಡಿಸುತ್ತಿದ್ದಳು. "ಹೇಳಿ ವಾರ್ಡಮ್ಮ," ಎಂದಳು. "ಆದ್ರೆ ಮೆತ್ತಗೆ ಹೇಳಬೇಡಿ."

ಅದಕ್ಕೇ ಮೆತ್ತಗೆ ಹೇಳುತ್ತಿಲ್ಲ.

ತಾಯಂದಿರೇ, ಒಂಬತ್ತನೇ ತಿಂಗಳಿಗೆ ಕಾಲಿಟ್ಟ ಕೂಡಲೇ ತಪಾಸಣೆಗೆ ಹೋಗಿ. ಮೂವತ್ತಾರನೇ ವಾರದಿಂದ ಪ್ರತಿ ಭೇಟಿಯಲ್ಲೂ ನಿಮ್ಮನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಬೇಕು. ನೋಡದಿದ್ದರೆ ಕೇಳಿ: ತಲೆ ಎಲ್ಲಿದೆ, ಬೆನ್ನು ಯಾವ ಕಡೆ, ಎದೆಬಡಿತ ಹೇಗಿದೆ. ಇದನ್ನು ಕಲಿತ ನರ್ಸ್, ದಾದಿ ಅಥವಾ ಡಾಕ್ಟರೇ ಮಾಡಬೇಕು, ಸರಿಯಾಗಿ ಮಾಡಿದರೆ ಮಗುವಿಗೆ ಏನೂ ಆಗುವುದಿಲ್ಲ. ಮಗು ಎಲ್ಲಿ ಒದೆಯುತ್ತದೆ ಎಂದು ಅವರು ಕೇಳದಿದ್ದರೂ ನೀವು ಹೇಳಿ. ಮಗು ಉಲ್ಟಾ ಇದೆ, ಅಡ್ಡ ಇದೆ ಎಂದರೆ ಮನೆಯಲ್ಲಿ ನೀವಿಸಿ ತಿರುಗಿಸಲು ಹೋಗಬೇಡಿ. ಆಪರೇಷನ್ ಆಗುವ ಆಸ್ಪತ್ರೆಯಲ್ಲೇ ಹೆರಿಗೆ ಗೊತ್ತುಮಾಡಿಕೊಳ್ಳಿ. ರಕ್ತ ಹೋದರೆ, ನೀರು ಒಡೆದರೆ, ಮಗುವಿನ ಆಟ ಕಡಿಮೆಯಾದರೆ ಮುಂದಿನ ತಪಾಸಣೆಗೆ ಕಾಯಬೇಡಿ, ಆಗಲೇ ಹೊರಡಿ.

ಅತ್ತೆಯರೇ, ಗಂಡಂದಿರೇ, ಅವಳೊಬ್ಬಳನ್ನೇ ಕಳಿಸಬೇಡಿ. ಜೊತೆಗೆ ಹೋಗಿ, ಅವಳ ದನಿಗೆ ನಿಮ್ಮ ದನಿ ಸೇರಿಸಿ.

ಮುಟ್ಟದೆ ಬರೆದ ಕಾರ್ಡನ್ನು ವಾಪಸ್ ತೆಗೆದುಕೊಳ್ಳಬೇಡಿ. ಸಾಲು ಉದ್ದ ಇದೆ ಎನ್ನುತ್ತಾರೆ, ಇರಲಿ. ಹಿಂದೆ ನಿಂತವರು ಗೊಣಗುತ್ತಾರೆ, ಗೊಣಗಲಿ. ಜಗಳಗಂಟಿ ಎನ್ನುತ್ತಾರೆ, ಅನ್ನಿಸಿಕೊಳ್ಳಿ. ಮಂಚದ ಮೇಲೆ ಮಲಗಿ, ಅವರು ಕೈ ತೊಳೆದು ಬರುವವರೆಗೆ ಏಳಬೇಡಿ.